ಒಂದೇ ಊರಲ್ಲಿ ಕೂತು ಬಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಓದಿದೆ. ಪ್ರವಾಸ ಸಾಹಿತ್ಯದ ಪ್ರಶಸ್ತಿಗೆ ಹಸ್ತಪ್ರತಿ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೀಯ. ಕಾರಣ ಓದಿ ಬೇಜಾರಾಯಿತು. "ಎಂಟು ತಿಂಗಳು ಒಂದೇ ಊರಲ್ಲಿ ಕೂತು ಬಂದವನು ನಾನು. ಅದನ್ನು ಪ್ರವಾಸ ಅಂತ ಯಾರು ಒಪ್ಪುತ್ತಾರೆ?"

ಒಪ್ಪಿದವರಿದ್ದಾರೆ ಕಣೋ. ಲಂಡನ್ನಿನ ಆಥರ್ಸ್ ಕ್ಲಬ್ 2006ರಲ್ಲಿ ಡಾಲ್ಮನ್ ಪ್ರಶಸ್ತಿ ಶುರು ಮಾಡಿತು, ಪ್ರವಾಸದ ಪುಸ್ತಕಕ್ಕೆಂದೇ. 2008ರಲ್ಲಿ ಅದು ಬಂದದ್ದು ಜಾನ್ ಲೂಕಸ್ ಅವರಿಗೆ. ಪುಸ್ತಕದ ಹೆಸರು '92 ಅಕಾರ್ನಾನ್ ಸ್ಟ್ರೀಟ್'. ಅದೊಂದು ಮನೆಯ ವಿಳಾಸ! 80ರ ದಶಕದಲ್ಲಿ ಪಾಠ ಹೇಳಲು ಅಥೆನ್ಸಿಗೆ ಹೋಗಿ, ಅವರು ವಾಸವಿದ್ದ ಜಾಗ. ಬಾಗಿಲ ಮೇಲಿನ ನಂಬರೇ ಪುಸ್ತಕದ ಹೆಸರಾಗಬಹುದು ಅಂದರೆ, ನಿನ್ನ ಎಂಟು ತಿಂಗಳು ಯಾಕೆ ಪ್ರವಾಸ ಅಲ್ಲ?

ತುಂಬಾ ದೂರ ಹೋದವರಿಗೂ ಬಹುಮಾನ ಬಂದಿದೆ, ನಿಜ. ಥಾಮಸ್ ಕುಕ್ ಕಂಪನಿಯ ಪ್ರವಾಸ ಪುಸ್ತಕ ಪ್ರಶಸ್ತಿ 1980ರಲ್ಲಿ ಶುರುವಾದಾಗ ಮೊದಲು ಗೆದ್ದವರು ರಾಬಿನ್ ಡೇವಿಡ್ಸನ್. ನಾಲ್ಕು ಒಂಟೆ, ಒಂದು ನಾಯಿ ಜತೆಗಿಟ್ಟುಕೊಂಡು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಸುಮಾರು 2,700 ಕಿಲೋಮೀಟರ್ ದಾಟಿದವರು. 1983ರಲ್ಲಿ ಅದೇ ಪ್ರಶಸ್ತಿ ವಿಕ್ರಮ್ ಸೇಠ್ ಅವರಿಗೆ ಬಂತು. ಆ ಪ್ರಯಾಣ ಮಾಡಿದಾಗ ಅವರು ಚೀನಾದಲ್ಲಿ ಓದುತ್ತಿದ್ದರು. ಸಿಕ್ಕ ಲಾರಿ ಹತ್ತಿಕೊಂಡು ಟಿಬೆಟ್, ನೇಪಾಳದ ದಾರಿಯಲ್ಲಿ ದೆಹಲಿಗೆ ಹೊರಟ ಕಥೆ ಅದು. ಆದರೆ ಆ ಪುಸ್ತಕ ನೆನೆದಾಗ ನನಗೆ ಮೊದಲು ಕಾಣುವುದು ಲ್ಹಾಸಾ ಅಲ್ಲ. ಲಾರಿಯ ಮುಂದಿನ ಸೀಟು, ಪಕ್ಕದಲ್ಲಿ ಆ ಡ್ರೈವರ್, ಮುಂದೆ ಹೋಗಲಾಗದೆ ಕಾದ ಹೊತ್ತು. ಅಷ್ಟು ದೂರದ ದಾರಿಯಲ್ಲೂ ಮನಸ್ಸಿಗೆ ಹತ್ತಿದ್ದು ನಿಂತ ಗಳಿಗೆಗಳೇ.

ಥಾಮಸ್ ಕುಕ್ ಪ್ರಶಸ್ತಿ 2004ಕ್ಕೆ ನಿಂತುಹೋಯಿತು. ಇಂಥದ್ದು ನಿಂತಾಗ ನನಗೆ ಸಂಕಟವಾಗುತ್ತದೆ. ಕಾದಂಬರಿಯ ಬಹುಮಾನಕ್ಕೆ ಪ್ರವಾಸ ಕಥನ ಸಲ್ಲುವುದಿಲ್ಲ. ಇತಿಹಾಸದವರು ತಮ್ಮದಲ್ಲ ಅನ್ನುತ್ತಾರೆ. ಅಂಗಡಿಯಲ್ಲಿ ಅದನ್ನು ಹೋಟೆಲು, ಬಸ್ಸಿನ ವಿವರ ಇರುವ ಗೈಡ್‌ಗಳ ಪಕ್ಕ ಸುಮ್ನೆ ಇಟ್ಟುಬಿಡುತ್ತಾರೆ. ಇದಕ್ಕೆಂದೇ ಒಂದು ಬಹುಮಾನ ಇದ್ದರೆ, ಕೊನೇಪಕ್ಷ ತೀರ್ಪುಗಾರರಾದರೂ ಇದನ್ನು ಬರವಣಿಗೆ ಅಂತ ಓದುತ್ತಾರೆ, ಅಲ್ವಾ?

ಹಸ್ತಪ್ರತಿಯನ್ನು ಎರಡು ಸಲ ಓದಿದ್ದೇನೆ. ಮೊದಲ ಮೂರು ಅಧ್ಯಾಯ ತೆಗೆದುಬಿಡು. ವೀಸಾ, ವಿಮಾನ, ಕಳೆದುಹೋದ ಬ್ಯಾಗು, ಇವೆಲ್ಲ ಜಾಸ್ತಿಯಾಯಿತು. ನೀನು ಪುಕ್ಕಲನಂತೆ ಬಾಗಿಲಲ್ಲೇ ನಿಂತಿದ್ದೀಯ ಅನ್ನಿಸುತ್ತದೆ. ಪಕ್ಕದ ಮನೆಯ ಅಜ್ಜಿ ದಿನಾ ಸಂಜೆ ನಿನ್ನ ತಪ್ಪು ಉಚ್ಚಾರ ತಿದ್ದುತ್ತಿದ್ದರಲ್ಲ, ಕೊನೆಗೆ ನಿನ್ನ ಭಾಷೆಯ ಒಂದು ಪದ ಕಲಿತು ನಿನ್ನಿಂದ ತಿದ್ದಿಸಿಕೊಂಡರಲ್ಲ, ಅಲ್ಲಿಂದ ಶುರು ಮಾಡು. ಆ ಪುಟ ಓದಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತಿದ್ದೆ.

ಗಡುವಿಗೆ ಇನ್ನೂ ಹನ್ನೆರಡು ದಿನ ಇದೆ. ಶನಿವಾರ ಬೆಳಗ್ಗೆ ಫೋನ್ ಮಾಡುತ್ತೇನೆ. ನಾಲ್ಕನೇ ಅಧ್ಯಾಯ ತೆರೆದು ಎದುರಿಗಿಟ್ಟುಕೊಂಡಿರು.

ನಿನ್ನ ಗೆಳೆಯ