ಕೀಲಿಗೆ ಸುತ್ತಿದ ಪ್ಲಾಸ್ಟಿಕ್

ಗೆಳೆಯಾ,

ಕಳಿಸಿದ ಚಿತ್ರಗಳನ್ನು ನೋಡಿ, "ವಲಸೆಯ ಚಿತ್ರ ಎನ್ನುತ್ತೀಯೆ, ಒಂದು ನರಪಿಳ್ಳೆಯೂ ಇಲ್ಲವಲ್ಲೋ" ಎಂದು ಛೇಡಿಸಿದ್ದೀಯೆ. ಮೊದಲು ನಾನೂ ಮುಖಗಳ ಬೆನ್ನು ಹತ್ತಿದವನೇ. ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ, ಅಂದರೆ ಪುನರ್ವಸತಿ ಕ್ಯಾಂಪಿನಲ್ಲಿ, ಒಬ್ಬ ಅಜ್ಜಿಯ ಮುಂದೆ ಕ್ಯಾಮೆರಾ ಎತ್ತಿದೆ. ಆಕೆ ಒಳಗೆ ಹೋಗಿ ಕಾಗದಪತ್ರಗಳ ಕೈಚೀಲ ತಂದು ನನ್ನ ಮುಂದಿಟ್ಟಳು. ಯಾವುದೋ ಕಚೇರಿಯಿಂದ ಬಂದವನು ಎಂದುಕೊಂಡಿದ್ದಳು! ಅಂದಿಗೆ ಮುಖಗಳ ಗೊಡವೆ ಬಿಟ್ಟೆ.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಊರುಗಳು ಈ ಕ್ಯಾಂಪುಗಳು. ನೀರಿನ ನಾಡಿನವರು ಎರೆಮಣ್ಣಿಗೆ ಬಂದರೂ ನೀರನ್ನು ಬಿಡಲಿಲ್ಲ. ನಾನು ನೋಡಿದ ಒಂದು ಮನೆಯ ಹಿಂದೆ ಹೊಂಡವಿದೆ, ದಂಡೆಯಲ್ಲಿ ಬಾಳೆ, ಬಿದಿರಿನ ಗಳಕ್ಕೆ ಒಣಹಾಕಿದ ಮೀನಿನ ಬಲೆ. ಬೆಳಿಗ್ಗೆ ಆರೂವರೆಗೆ, ಟ್ರೈಪಾಡನ್ನು ಮೊಣಕಾಲಿನಷ್ಟು ತಗ್ಗಿಸಿ ತೆಗೆದರೆ ಚೌಕಟ್ಟಿನ ತುಂಬ ಬಂಗಾಳವೇ. ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು, ಬಿರುಕುಬಿಟ್ಟ ಕರಿನೆಲವೂ ಜಾಲಿಯೂ ಒಳಗೆ ನುಗ್ಗುತ್ತವೆ. ಆ ಎರಡು ಹೆಜ್ಜೆ ಹಿಡಿಯಲು ನನಗೆ ನಾಲ್ಕು ಬೆಳಗು ಬೇಕಾದವು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರೂ ಗಂಗಾವತಿ, ಕಾರಟಗಿ ಕಡೆ ಬಂದು ಭತ್ತ ಹಾಕಿದರು. ಅವರ ಊರುಗಳಿಗೂ ಕ್ಯಾಂಪ್ ಎಂದೇ ಹೆಸರು. ಬಂದು ಎರಡು ತಲೆಮಾರಾದರೂ ಕ್ಯಾಂಪು ಊರಾಗುವುದಿಲ್ಲ ನೋಡು, ಬಾಯಿರೂಢಿಯೇ ಹಾಗೆ.

ಅದೇ ಕಾಲುವೆಯನ್ನು ಹಿಡಿದು ಕೆಳಗೆ ಮಾನ್ವಿಯ ಕಡೆ ಹೋದೆ. ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟುವುದು ಅಪರೂಪ. ಅಲ್ಲಿಯ ಒಂದು ಓಣಿಯಲ್ಲಿ ಸಾಲಾಗಿ ಆರು ಮನೆ ಕೀಲಿ (ಬೀಗಕ್ಕೆ ಇಲ್ಲಿ ಹಾಗೆನ್ನುತ್ತಾರೆ). ಎಲ್ಲರೂ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸಕ್ಕೆ. ಬಾಗಿಲಿಗೆ ಅಡ್ಡವಾಗಿ ಜಾಲಿಕಂಟಿ ಎಳೆದಿದ್ದಾರೆ. ಒಂದು ಮನೆಯ ಕೀಲಿಗೆ ಮಾತ್ರ ತುಕ್ಕು ಹಿಡಿಯದಿರಲೆಂದು ಹಾಲಿನ ಪ್ಯಾಕೆಟ್ಟು ಸುತ್ತಿ ದಾರ ಬಿಗಿದಿದ್ದಾರೆ. ಮರಳಿ ಬರುವ ಲೆಕ್ಕವಿಟ್ಟುಕೊಂಡ ಕೈಯ ಕೆಲಸ ಅದು. ಇಡೀ ಮಧ್ಯಾಹ್ನ ಅದರ ಮುಂದೆಯೇ ಕುಳಿತೆ. ಬಿಸಿಲು ನೆತ್ತಿಯ ಮೇಲೆ, ಬೆಳಕು ಯಾವ ಛಾಯಾಗ್ರಾಹಕನೂ ಬೇಡವೆನ್ನುವಂಥದ್ದು. ನನಗೆ ಅದೇ ಸರಿ ಎನಿಸಿತು.

ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಬಹಳ ಹೊತ್ತು ನನ್ನನ್ನೇ ನೋಡಿದ. ಕೊನೆಗೆ, "ಕೀಲಿಯ ಫೋಟೊ ಯಾರಾದರೂ ತೆಗೆಯುತ್ತಾರೇನಪ್ಪಾ? ಯುಗಾದಿಗೆ ಬಾ, ಜನ ಇರುತ್ತಾರೆ" ಎಂದ.

ಬರುತ್ತೇನೆ ಎಂದಿದ್ದೇನೆ. ನೀನೂ ರಜೆ ಹಾಕು. ಸಿಂಧನೂರಿನಿಂದ ನನ್ನ ಬೈಕಿನಲ್ಲೇ ಹೋಗೋಣ.

ನಿನ್ನ ಗೆಳೆಯ