ದೊಡ್ಡಮನೆ ಉದ್ಯಾನದ ಚಾವಣಿಗಾಗಿ ಮನವಿ: ಮಳೆಗಾಲಕ್ಕೆ ಮೊದಲು

ಮಾನ್ಯರೇ,

ದೊಡ್ಡಮನೆ ಉದ್ಯಾನವನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಇಲ್ಲಿಯ ಆಲದ ಬಿಳಲಿಗೆ ಜೋತುಬಿದ್ದು ಮಾಲಿಯಿಂದ ಬೈಸಿಕೊಂಡವರು, ಜಗಲಿಯ ಕಂಬಕ್ಕೆ ಒರಗಿ ಪರೀಕ್ಷೆಗೆ ಓದಿದವರು. ಮನೆತನದ ಹಿರಿಯರು ಮನೆ, ತೋಟ, ಬಾವಿಗಳನ್ನೆಲ್ಲ ಸಾರ್ವಜನಿಕರಿಗೆ ಬರೆದುಕೊಟ್ಟ ಕಥೆಯನ್ನು ನಮಗಿಂತ ಚೆನ್ನಾಗಿ ನೀವೇ ಹೇಳಬಲ್ಲಿರಿ. ಆದರೆ ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ನಾವು ಎಲ್ಲರಿಗೂ ತಿಳಿಸಿರಲಿಲ್ಲ. ನಾಚಿಕೆಯಾಗಿತ್ತು.

ಓದುವ ಕೋಣೆಯ ತಾರಸಿ ಮೊದಲು ಒಂದು ಮೂಲೆಯಲ್ಲಿ ಸೋರಿತು. ಬಕೆಟ್ ಇಟ್ಟೆವು. ಒಂದು ಬಕೆಟ್ ನಾಲ್ಕಾಯಿತು. ಒಂದು ರಾತ್ರಿ ತೊಲೆಯೊಂದು ಗೋಡೆಗೆ ಸೇರುವಲ್ಲೇ ಮುರಿದು, ಅದರ ಮೇಲಿದ್ದ ಇಟ್ಟಿಗೆ, ಗಾರೆ ಎಲ್ಲ ಓದುವ ಮೇಜಿನ ಮೇಲೆ ಬಿದ್ದವು. ಆ ಮೇಜಿನ ಸುತ್ತ ಹನ್ನೆರಡು ಕುರ್ಚಿಗಳಿವೆ. ಸಂಜೆ ಏಳರವರೆಗೂ ಅವು ತುಂಬಿದ್ದವು.

ಮರುದಿನವೇ ಮನೆಗೆ ಬೀಗ ಹಾಕಿದೆವು. ಪರಿಶೀಲಿಸಲು ಬಂದ ಎಂಜಿನಿಯರರು ಮುರಿದ ತೊಲೆಯ ತುದಿಯನ್ನು ಬೆರಳಿನಿಂದ ಒತ್ತಿದರು. ಅದು ಹುಡಿಯಾಗಿ ಉದುರಿತು. ತಪ್ಪು ಮಳೆಯದ್ದಲ್ಲ, ನಮ್ಮದೇ. ಹಿಂದೊಮ್ಮೆ ತಾರಸಿ ಬಿರುಕು ಬಿಟ್ಟಾಗ, ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ ಎಂದು ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿಸಿದವರು ನಾವು. ಆ ಸಭೆಯ ನಡಾವಳಿಯಲ್ಲಿ ಈ ಉಳಿತಾಯಕ್ಕಾಗಿ ನಮ್ಮನ್ನು ನಾವೇ ಅಭಿನಂದಿಸಿಕೊಂಡದ್ದೂ ದಾಖಲಾಗಿದೆ. ಮರದ ತೊಲೆಗಳು ಬಿಸಿಲಿಗೆ, ತೇವಕ್ಕೆ ತುಸು ಹಿಗ್ಗುತ್ತವೆ, ತುಸು ಕುಗ್ಗುತ್ತವೆ. ಸುಣ್ಣದ ಗಾರೆ ಅದಕ್ಕೆ ಹೊಂದಿಕೊಳ್ಳುತ್ತದೆ, ಒಳಗಿಳಿದ ತೇವವನ್ನು ಹೊರಕ್ಕೂ ಬಿಡುತ್ತದೆ. ಸಿಮೆಂಟ್ ಬಿಗಿಯಾಗಿ ಕೂತು ಕೂದಲೆಳೆಯಂತೆ ಸೀಳುತ್ತದೆ. ಆ ಸೀಳಿನಲ್ಲಿ ಇಳಿದ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಗೋಡೆಯೊಳಗೆ ಹೂತ ತೊಲೆಯ ತುದಿಗಳು ವರ್ಷಗಟ್ಟಲೆ ಒದ್ದೆಯಲ್ಲೇ ಕೊಳೆಯುತ್ತಿದ್ದವು. ಕೆಳಗೆ ಕುಳಿತು ನಾವು ವಾರ್ಷಿಕ ಸಭೆಗಳನ್ನು ನಡೆಸುತ್ತಿದ್ದೆವು.

ಹಾಗೆಂದು ಈ ಟ್ರಸ್ಟ್ ಏನೂ ಮಾಡಿಲ್ಲವೆಂದು ಯಾರೂ ಭಾವಿಸಬಾರದು. ಹೂಳು ತುಂಬಿ ಸತ್ತಂತಿದ್ದ ಬಾವಿ ಇಂದು ತೋಟದ ಅರ್ಧಭಾಗಕ್ಕೆ ನೀರುಣಿಸುತ್ತಿದೆ. ರಸ್ತೆ ಅಗಲ ಮಾಡುವ ಮಾತು ಬಂದಾಗ ಕಾಂಪೌಂಡ್ ಗೋಡೆಯನ್ನು ಒಳಗೆ ಸರಿಸಿಕೊಂಡೆವು, ಒಂದೇ ಒಂದು ಮರ ಕಡಿಯಲು ಬಿಡಲಿಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು, ಸಂಜೆಯಾದೊಡನೆ ಎಲೆ ಮಡಿಸುವ ಮಳೆಮರ ಅಮೆರಿಕ ಖಂಡದ್ದು ಎಂದು ಮಕ್ಕಳು ಇಂದು ಪಟಪಟನೆ ಹೇಳುತ್ತಾರಾದರೆ ಅದು ನಮ್ಮ ಹೆಸರುಫಲಕಗಳಿಂದ. ಮರದ ಬೇರು ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತದೆಂದು ತಿಳಿದ ಮೇಲೆ ಆಲದ ಸುತ್ತ ಹಾಸಿದ್ದ ಕಲ್ಲನ್ನೆಲ್ಲ ನಾವೇ ಕಿತ್ತು ಮಣ್ಣು ಬಿಟ್ಟೆವು. ಹಾಸಿಸಿದವರೂ ನಾವೇ ಎಂಬುದು ಬೇರೆ ಮಾತು.

ನಮ್ಮ ಹಿರಿಯ ಟ್ರಸ್ಟಿಯೊಬ್ಬರು ಪ್ರವಾಸ ಮುಗಿಸಿ ಬಂದಾಗಿನಿಂದ ಪ್ರತಿ ಸಭೆಯಲ್ಲೂ ರೋಮಿನ ವಿಲ್ಲಾ ಬೋರ್ಗೀಸ್ ಪ್ರಸ್ತಾಪಿಸುತ್ತಾರೆ. ಅದೂ ಒಂದು ಮನೆತನದ ತೋಟವೇ. 1901ರಲ್ಲಿ ಇಟಲಿಯ ಸರ್ಕಾರ ಕೊಂಡುಕೊಂಡಿತು, 1903ರಲ್ಲಿ ಅದು ನಗರದ ಜನರ ಉದ್ಯಾನವಾಯಿತು. ಲಾಲ್‌ಬಾಗ್ ಕೂಡ 1760ರಲ್ಲಿ ಹೈದರ್ ಅಲಿ ತನಗಾಗಿ ಆರಂಭಿಸಿದ ತೋಟ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಹೋಲಿಕೆ ಕೇಳಲು ಹಿತವಾಗಿದೆ. ಆದರೆ ಅವುಗಳ ಬೆನ್ನಿಗೆ ಸರ್ಕಾರಗಳಿವೆ. ನಮ್ಮ ಬೆನ್ನಿಗಿರುವುದು ಗೇಟಿನ ಪಕ್ಕದ ಹುಂಡಿ, ಮತ್ತು ನೀವು.

ಮನೆ ಮುಚ್ಚಿದ್ದರೇನು, ತೋಟ ತೆರೆದಿದೆಯಲ್ಲ ಎಂದು ಹಲವರು ಕೇಳಿದ್ದಾರೆ. ಮೂಲ ದಾನಪತ್ರದಲ್ಲಿ ಮನೆ ಮತ್ತು ತೋಟ ಎರಡೂ ಜನರಿಗೆ ತೆರೆದಿರಬೇಕೆಂಬ ಷರತ್ತಿದೆ. ಯಾವುದಾದರೂ ಒಂದು ಸತತ ಎರಡು ವರ್ಷ ಮುಚ್ಚಿದ್ದರೆ ಇಡೀ ಆಸ್ತಿ ವಾರಸುದಾರರಿಗೆ ಮರಳುತ್ತದೆ. ವಾರಸುದಾರರು ನಮ್ಮೊಂದಿಗೆ ಸೌಜನ್ಯದಿಂದಲೇ ಇದ್ದಾರೆ. ಆದರೆ ಸುತ್ತಲಿನ ಜಾಗದ ಬೆಲೆ ಅವರಿಗೂ ಗೊತ್ತು, ನಮಗೂ ಗೊತ್ತು. ಮೊದಲ ವರ್ಷ ಈ ಮಳೆಗಾಲಕ್ಕೆ ಮುಗಿಯುತ್ತದೆ. ಇನ್ನೊಂದು ಮಳೆಯನ್ನು ಆ ತಾರಸಿ ತಡೆಯುವುದಿಲ್ಲವೆಂದು ಎಂಜಿನಿಯರರು ಬರೆದೇ ಕೊಟ್ಟಿದ್ದಾರೆ.

ಬೀಗ ಹಾಕಿದ ಮೇಲೆ ಕಷ್ಟಕ್ಕೆ ಬಿದ್ದವರು ಆ ಹನ್ನೆರಡು ಕುರ್ಚಿಯವರು. ಒಂದೇ ಕೋಣೆಯ ಮನೆಯಲ್ಲಿ ತಮ್ಮಂದಿರ ಗಲಾಟೆ, ಟಿವಿ, ಅಡುಗೆಯ ಹೊಗೆಗಳ ನಡುವೆ ಓದಲಾಗದೆ ಇಲ್ಲಿಗೆ ಬರುತ್ತಿದ್ದ ಹುಡುಗಿಯರು ಈಗ ಉದ್ಯಾನದ ದೀಪದ ಕಂಬದ ಕೆಳಗೆ ಕೂರುತ್ತಾರೆ. ಸೊಳ್ಳೆ ಕಚ್ಚದಿರಲೆಂದು ಕಾಲಿಗೆ ದುಪಟ್ಟಾ ಸುತ್ತಿಕೊಂಡಿರುತ್ತಾರೆ. ಗೇಟು ಮುಚ್ಚುವ ಹೊತ್ತಾದರೂ ಕಾವಲುಗಾರರು ಅವರನ್ನು ಎಬ್ಬಿಸುವುದಿಲ್ಲ. ನಿಯಮದ ಪ್ರಕಾರ ಎಬ್ಬಿಸಬೇಕು. ನಾವು ಕೇಳಿಲ್ಲ, ಕೇಳುವುದೂ ಇಲ್ಲ.

ಇನ್ನು ಖರ್ಚಿನ ಮಾತು. ಉದ್ಯಾನಕ್ಕೆ ಒಂದು ವರ್ಷಕ್ಕೆ ತಗಲುವ ಒಟ್ಟು ವೆಚ್ಚದ ಸುಮಾರು ಮೂರರಷ್ಟು ಈ ಒಂದು ತಾರಸಿಗೆ ಬೇಕು. ಅದರಲ್ಲಿ ಅರ್ಧ ತೊಲೆಗಳಿಗೇ ಹೋಗುತ್ತದೆ. ಉಳಿದದ್ದು ಇಟ್ಟಿಗೆ, ಸುಣ್ಣ ಮತ್ತು ಕೂಲಿ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ಕಡಿಮೆ, ಅವರ ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲವೆಂದು ಈ ಬಾರಿ ನಿರ್ಣಯಿಸಿದ್ದೇವೆ. ಇದುವರೆಗೆ ಕೂಡಿರುವುದು ಕಾಲುಭಾಗಕ್ಕಿಂತ ಕಡಿಮೆ. ಸುಣ್ಣ ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ಪದಾರ್ಥ; ಗಾರೆ ಹಾಕಿದ ಮೇಲೂ ವಾರಗಟ್ಟಲೆ ಕಾಯಬೇಕು. ಆದ್ದರಿಂದ ಮಳೆಯ ಹಿಂದಿನ ವಾರ ಬಂದ ಹಣ, ಎಷ್ಟೇ ದೊಡ್ಡದಾಗಿರಲಿ, ಈ ವರ್ಷದ ಕೆಲಸಕ್ಕೆ ಬಾರದು. ಕೊಡುವುದಾದರೆ ಈ ತಿಂಗಳೊಳಗೆ ಕೊಡಿ. ಸಣ್ಣ ಮೊತ್ತವೆಂದು ಸಂಕೋಚ ಬೇಡ, ಎಲ್ಲದಕ್ಕೂ ರಸೀದಿ ಕೊಡುತ್ತೇವೆ.

ಹಣವೇ ಆಗಬೇಕೆಂದಿಲ್ಲ. ನಿಮ್ಮ ಬಂಧುಗಳಲ್ಲಿ ಯಾರಾದರೂ ಹಳೆಯ ಮನೆ ಕೆಡವುತ್ತಿದ್ದರೆ ದಯವಿಟ್ಟು ಅದರ ತೊಲೆಗಳನ್ನು ಸೌದೆಗೆ ಮಾರಲು ಬಿಡಬೇಡಿ. ಹುಳು ಹಿಡಿಯದ ಹಳೆಯ ಮರ ಎಂದೋ ಒಣಗಿ ಪಕ್ವವಾಗಿರುತ್ತದೆ, ಇನ್ನು ಸೊಟ್ಟಗಾಗುವ ಭಯವಿಲ್ಲ. ಸಾಗಿಸುವ ಹೊಣೆ ನಮ್ಮದು.

ಪ್ರತಿ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಒಬ್ಬ ಟ್ರಸ್ಟಿ ಲೆಕ್ಕಪುಸ್ತಕದೊಡನೆ ಕುಳಿತಿರುತ್ತಾರೆ. ಅವರೊಂದಿಗೆ ಒಳಗೆ ಹೋಗಿ ಮುರಿದ ತೊಲೆಯನ್ನು ನೋಡಬಹುದು. ನಮ್ಮಲ್ಲಿ ಹೆಲ್ಮೆಟ್ ಎರಡೇ ಇರುವುದರಿಂದ ಒಮ್ಮೆಗೆ ಒಬ್ಬರನ್ನು ಮಾತ್ರ ಕರೆದೊಯ್ಯಲಾಗುತ್ತದೆ.

ಇಂತು ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ಟ್ರಸ್ಟಿಗಳು