ಬಲೆ ಅಂದರೆ ಬನ್ನಿ

ಪ್ರೀತಿಯ ಶಿವು,

ಮೊದಲ ಸಲ ನೀನು ಉಡುಪಿಗೆ ನಮ್ಮನೆಗೆ ಬಂದದ್ದು ನೆನಪಿದೆಯಾ? ಅಜ್ಜಿ ಬಾಗಿಲಲ್ಲಿ ನಿಂತು "ಬಲೆ, ಬಲೆ" ಅಂದರು. ಮೈಸೂರಿನ ಹುಡುಗ ನೀನು. ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಹಾಗೇ ಇಟ್ಟುಕೊಂಡು, ಮೀನಿನ ಬಲೆ ಎಲ್ಲಿದೆ ಅಂತ ಅಂಗಳವೆಲ್ಲ ನೋಡಿದೆ. ತುಳುವಿನಲ್ಲಿ ಅದು "ಬನ್ನಿ" ಅಂತ ನಾನು ಹೇಳಬೇಕಾಯಿತು.

ಇಂಥ ಗಳಿಗೆಗಳಿಂದಲೇ ಕವಿತೆ ಕಟ್ಟುವ ಒಬ್ಬರಿದ್ದಾರೆ, ಸಿಯಾ ರಿನ್ನೆ. ಹುಟ್ಟಿದ್ದು 1973ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಮನೆಯವರು ಫಿನ್ಲೆಂಡಿನ ಕಡೆಯವರು. ಬೆಳೆದದ್ದು ಜರ್ಮನಿಯಲ್ಲಿ, ಮನೆ ಮಾಡಿಕೊಂಡದ್ದು ಬರ್ಲಿನ್‌ನಲ್ಲಿ. ಕವಿತೆಯಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ಒಂದರೊಳಗೊಂದು ಬೆರೆತು ಬರುತ್ತವೆ. ಒಂದು ಪದ ಹಿಡಿಯುತ್ತಾರೆ, ಒಂದಕ್ಷರ ಸರಿಸುತ್ತಾರೆ, ಅಷ್ಟರಲ್ಲಿ ಅದು ಪಕ್ಕದ ಭಾಷೆಗೆ ದಾಟಿರುತ್ತದೆ. ನಮ್ಮ "ಹಾಲು" ಇದೆಯಲ್ಲ, ಕೊನೆಯ ಉಕಾರ ನುಂಗಿದರೆ ಸಾಕು. ಹಿಂದಿಯವರಿಗೆ ಅದು ಯೋಗಕ್ಷೇಮ, ಇಂಗ್ಲಿಷಿನವರಿಗೆ ಪಡಸಾಲೆ. ಹಾಗೆ.

ಮೊದಲ ಪುಸ್ತಕ "ಜರೂಮ್" 2001ರಲ್ಲಿ ಬಂತು. 2009ರ "ನೋಟ್ಸ್ ಫಾರ್ ಸೋಲೋಯಿಸ್ಟ್ಸ್" ಸ್ಟಾಕ್‌ಹೋಮ್‌ನಲ್ಲಿ ಅಚ್ಚಾಯಿತು. ಪುಟದಲ್ಲಿ ನಾಲ್ಕೈದು ಪದ, ಉಳಿದದ್ದೆಲ್ಲ ಖಾಲಿ. ಸುಮ್ನೆ ಕಣ್ಣಲ್ಲಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಅವರೇ ಓದುವುದನ್ನು ಕೇಳಬೇಕು. ಕೂಗಾಟವಿಲ್ಲ, ಕೈಕಾಲು ಆಡಿಸುವುದಿಲ್ಲ. ಮೆಲುದನಿ. ಒಂದೇ ಪದ ಎರಡನೇ ಸಲ ಬರುವ ಹೊತ್ತಿಗೆ ಯಾವ ಭಾಷೆಯದೆಂದು ಕಿವಿ ತಡವರಿಸುತ್ತದೆ. ಆ ತಡವರಿಕೆಯೇ ನನಗೆ ಜಾಸ್ತಿ ಇಷ್ಟ. ಚಪ್ಪಲಿ ಬಿಡುತ್ತಾ ನೀನು ನಿಂತೆಯಲ್ಲ, ಅದೇ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಕೆಲಸ. 2000ದಿಂದ 2006ರವರೆಗೆ ಛಾಯಾಗ್ರಾಹಕ ಯೋಆಕಿಮ್ ಎಸ್ಕಿಲ್ಡ್‌ಸನ್ ಜೊತೆ ಏಳು ದೇಶಗಳಲ್ಲಿ ರೋಮಾ ಜನರ (ಯುರೋಪಿನವರು ಜಿಪ್ಸಿಗಳು ಅಂತ ಕರೆದವರ) ನಡುವೆ ಓಡಾಡಿದರು. ಹಂಗೇರಿ, ರೊಮೇನಿಯಾ, ಗ್ರೀಸ್, ಫ್ರಾನ್ಸ್, ರಷ್ಯಾ, ಫಿನ್ಲೆಂಡ್, ಜೊತೆಗೆ ನಮ್ಮ ಭಾರತ. ಹಂಗೇರಿಯ ಒಂದು ಹಳ್ಳಿಯಲ್ಲಂತೂ ತಿಂಗಳುಗಟ್ಟಲೆ ಉಳಿದರು. 2007ರಲ್ಲಿ ಅದು ಪುಸ್ತಕವಾಯಿತು. ಚಿತ್ರ ಅವರದು, ಬರಹ ಇವರದು, ಮುನ್ನುಡಿ ಜರ್ಮನ್ ಕಾದಂಬರಿಕಾರ ಗುಂಟರ್ ಗ್ರಾಸ್ ಅವರದು.

ಭಾರತಕ್ಕೆ ಬಂದದ್ದು ಯಾಕೆ ಗೊತ್ತಾ? ರೋಮಾ ಜನರ ಪೂರ್ವಿಕರು ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆ ಇಲ್ಲಿಂದಲೇ ಹೊರಟವರು. ಅವರ ಮಾತಿನಲ್ಲಿ ಇವತ್ತಿಗೂ ನೀರಿಗೆ "ಪಾನಿ", ಕಿವಿಗೆ "ಕಾನ್". ಹೋದ ಕಡೆಯಲ್ಲೆಲ್ಲ ಓಡಿಸಿಕೊಂಡ ಜನ. ಮನೆಮಠ ಕಳೆದುಕೊಂಡರೂ ನೀರಿನ ಹೆಸರು ಬಿಡಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಶಿವು.

ಮನೇಲಿ ತುಳು, ಶಾಲೇಲಿ ಕನ್ನಡ, ಆಫೀಸಲ್ಲಿ ಇಂಗ್ಲಿಷ್ ಅಂತ ನಾನು ಎಷ್ಟು ಸಲ ನಿನ್ನ ಹತ್ತಿರ ಗೊಣಗಿಲ್ಲ? ಯಾವುದೂ ಪೂರ್ತಿ ನನ್ನದಲ್ಲ ಅಂತ. ಸಿಯಾ ಅವರ ಓದು ಕೇಳಿದ ಮೇಲೆ ಆ ಗೊಣಗಾಟ ನಿಂತಿದೆ. ಮೂರನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದೇನೆ. ಮೊದಲ ಪುಟದಲ್ಲಿ "ಬಲೆ" ಅಂತ ಒಂದೇ ಪದ ಇದೆ.

ರಜೆ ಸಿಕ್ಕಿದರೆ ಮುಂದಿನ ತಿಂಗಳು ಬಾ. ಅಜ್ಜಿಗೆ ಈಗ ಮಂಡಿ ನೋವು. ಆದರೂ ಬಾಗಿಲಿಗೆ ಬಂದೇ ಕರೆಯುತ್ತಾರೆ.

ನಿನ್ನ,
ದಿನೇಶ